ಐದನೆಯ ಅಂಕದಲ್ಲಿ ಬದುಕಿ ಬಂದ ಸಾರ್ಜೆಂಟ್

ಫ್ರಾನ್ಸ್ ದೇಶದ ತಂಬಾಕು ಪರವಾನಗಿ ಇಲಾಖೆಯು ಸಕಲ ದಾಖಲೆಗಳನ್ನೂ ಕೂಲಂಕಷವಾಗಿ ಪರಿಶೀಲಿಸಿ ತೀರ್ಮಾನಿಸಿರುವ ಮೇರೆಗೆ, ಸಾರ್ಜೆಂಟ್ ಗಾಸ್ಪಾರ್ ವೋತಿಯೆ ಆಲ್ಜೀರಿಯಾದ ದಂಡಿನ ಆಸ್ಪತ್ರೆಯಲ್ಲಿ ಜ್ವರದಿಂದ ಸತ್ತನು. ತರುವಾಯ ಪ್ಯಾರಿಸಿನ ಒಂದು ರಂಗಮಂದಿರದಲ್ಲಿ, ಐದನೆಯ ಅಂಕದಲ್ಲಿ, ಬದುಕಿ ಬಂದನು. ಎರಡೂ ಸಂಗತಿಗಳು ಸರ್ಕಾರಕ್ಕೆ ಸಮ್ಮತವಾಗಿವೆ. ಎರಡರ ನಡುವೆ ಏನೋ ತೊಡಕಿದೆ ಎಂದು ಆಕ್ಷೇಪವೆತ್ತಿದವನು ಸಾರ್ಜೆಂಟನ ಮಗ ಪ್ರಾಸ್ಪೆರ್ ಒಬ್ಬನೇ. ಅವನಿಗಿನ್ನೂ ಚಿಕ್ಕ ವಯಸ್ಸು.

ಪ್ರಾಸ್ಪೆರನ ತಾಯಿ ಒನೊರೀನ್, ದಿಯೆಪ್ ಬಂದರಿನ ದಂಡೆಯ ಮೇಲೆ ತಂಬಾಕಿನ ಅಂಗಡಿ ಇಟ್ಟಿದ್ದಳು. ಆ ದೇಶದಲ್ಲಿ ತಂಬಾಕೆಂಬುದು ಸರ್ಕಾರದ ಸ್ವತ್ತು. ಅದನ್ನು ಮಾರುವ ಹಕ್ಕನ್ನು ಸರ್ಕಾರ ದಂಡಿನಲ್ಲಿ ಸತ್ತವರ ಹೆಂಡಂದಿರಿಗೆ ದಯಪಾಲಿಸುತ್ತದೆ. ಗಂಡನನ್ನು ಕೊಟ್ಟವಳಿಗೆ ನಶ್ಯ ಮಾರುವ ಅಪ್ಪಣೆ. ಈ ವ್ಯವಹಾರದಲ್ಲಿ ಸರ್ಕಾರಕ್ಕೆ ನಷ್ಟವಾದದ್ದನ್ನು ಇದುವರೆಗೆ ಯಾರೂ ಕಂಡಿಲ್ಲ. ಒನೊರೀನಳೂ ದೂರಲಿಲ್ಲ. ಹೆರಿಂಗ್ ಮೀನಿನ ವಾಸನೆ ಹೊಡೆಯುವ ಬೆಸ್ತರು ಬಂದು ಹೊಗೆಸೊಪ್ಪು ಕೇಳುವರು, ಇವಳು ಕೊಡುವಳು, ಜೊತೆಗೆ ಒಂದು ಮಾತು ಚುಚ್ಚುವಳು. ಊರವರಿಗೆ ಅವಳ ತಂಬಾಕಿಗಿಂತ ಅವಳ ಬಾಯಿಯೇ ಖಾರವೆನ್ನಿಸುತ್ತಿತ್ತು.

ಮಗ ಊರಿನ ನೋಟರಿಯ ಕಚೇರಿಯಲ್ಲಿ ದಸ್ತಾವೇಜು ನಕಲು ಮಾಡುತ್ತಿದ್ದ. ಬಿಡುವಿನಲ್ಲಿ ಒಂದು ನಾಟಕ ಬರೆದ. ತಂದೆ ಸತ್ತ ಸುದ್ದಿ ಬಂದ ದಿನ ತನ್ನ ಕಣ್ಣೆದುರು ನಡೆದದ್ದನ್ನೇ ಬರೆದಿದ್ದ. ಆಗ ತಾಯಿ ಇನ್ನೊಬ್ಬ ವಿಧವೆಯ ತಂಬಾಕಿನಂಗಡಿಯಲ್ಲಿ ಕೂಲಿಗಿದ್ದಳು. ಅವಳು ಹಡಗಿನ ಬಡಗಿಯೊಬ್ಬನಿಗೆ ನಶ್ಯ ತೂಗುತ್ತಿದ್ದಾಗ ಪುರಸಭೆಯ ಜವಾನ ಬಂದು ಟೋಪಿ ತೆಗೆದು ಹೊಸ್ತಿಲಲ್ಲಿ ನಿಂತ, ಬಾಯಿ ತೆರೆಯಲಿಲ್ಲ. ಅವಳು ಅವನ ಟೋಪಿಯನ್ನು ನೋಡಿದಳು. ಆಮೇಲೆ ನಶ್ಯವನ್ನು ಪೂರ್ತಿ ತೂಗಿದಳು, ಪೊಟ್ಟಣ ಕಟ್ಟಿದಳು, ಚಿಲ್ಲರೆ ಕೊಟ್ಟಳು, "ಒದ್ದೆಯಾಗ್ದಂಗೆ ಇಟ್ಕೊಳ್ಳಿ" ಅಂದಳು, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಷ್ಟೇ ನಾಟಕ. ಅದನ್ನು ಬರೆದು ಮುಗಿಸಿದ ದಿನ ಪ್ರಾಸ್ಪೆರನಿಗೆ ಊಟ ಸೇರಲಿಲ್ಲ. ಒಳ್ಳೆಯದನ್ನು ಬರೆದಿದ್ದೇನೆಂಬ ಗುಮಾನಿ ಅವನನ್ನು ಹಿಡಿದುಕೊಂಡಿತು. ಕುದುರೆಗಾಡಿ ಹತ್ತಿ ಪ್ಯಾರಿಸಿಗೆ ಹೋದ.

ಪ್ಯಾರಿಸಿನಲ್ಲಿ ನಾಟಕವೆಂದರೆ ಆಗ ಮಸ್ಯೂ ಅರಿಸ್ತೀದ್ ಬೋಕಾಂಪ್. ಅವರು ಎಷ್ಟು ನಾಟಕ ಬರೆದಿದ್ದಾರೆಂಬುದು ಅವರಿಗೂ ತಿಳಿದಿರಲಿಲ್ಲ. ಒಮ್ಮೆ ಯಾವುದೋ ನಾಟಕಕ್ಕೆ ಹೋಗಿ ಕುಳಿತು ಎರಡನೆಯ ಅಂಕದವರೆಗೆ ನೋಡಿ, "ಯಾವನೋ ನನ್ನಿಂದ ಕದ್ದಿದ್ದಾನೆ" ಎಂದು ಪೊಲೀಸರನ್ನು ಕರೆಸಿದ್ದರು. ವಿಚಾರಣೆಯಾದ ಮೇಲೆ ಆ ನಾಟಕ ಅವರದೇ ಎಂದು ತಿಳಿಯಿತು. ಆಪೆರಾಗಳಿಗೆ, ಅಂದರೆ ಮಾತೆಲ್ಲ ಹಾಡಾಗಿರುವ ನಾಟಕಗಳಿಗೆ, ಸಾಹಿತ್ಯ ಬರೆಯುವವರೂ ಅವರೇ. ಸಂಗೀತಗಾರರು ಸ್ವರಗಳನ್ನು ಮೊದಲೇ ಹಾಕಿಟ್ಟುಕೊಂಡು ಮನೆಯ ಮುಂದೆ ಸಾಲಾಗಿ ನಿಲ್ಲುವರು. ಇವರು ಬೆಳಗಿನ ಚಾಕೊಲೆಟ್ ಕುಡಿಯುತ್ತ ಅಳತೆಗೆ ತಕ್ಕ ಮಾತು ಕತ್ತರಿಸಿ ಕೊಡುವರು.

ಅವರ ಮನೆ ಮನೆಯಲ್ಲ, ಕಾರ್ಖಾನೆ. ಮಹಡಿಯ ಒಂದು ಕೋಣೆಯಲ್ಲಿ ಕಥೆ ಹೆಣೆಯುವವರು, ಪಕ್ಕದಲ್ಲಿ ಹಾಡು ಕಟ್ಟುವವರು, ಕೆಳಗೆ ನೆಲಮಾಳಿಗೆಯಲ್ಲಿ ಹಾಸ್ಯ ಬರೆಯುವವರು. ಹಾಸ್ಯದವರಿಗೆ ಬೆಳಕು ಕಡಿಮೆ, ಯಾಕೆಂದರೆ ಅವರು ಬೆಳಕಿದ್ದರೆ ಯೋಚಿಸತೊಡಗುತ್ತಾರಂತೆ. ಬಾಗಿಲುಗಳ ವಿಭಾಗವೆಂದು ಬೇರೊಂದಿತ್ತು. ಯಾರು ಯಾವ ಬಾಗಿಲಿನಿಂದ ಬಂದರೆ ಇನ್ನಾರು ಯಾವ ಬೀರುವಿನೊಳಗೆ ಅಡಗಬೇಕೆಂಬುದನ್ನು ಅಲ್ಲಿ ನಿಷ್ಕರ್ಷಿಸಲಾಗುತ್ತಿತ್ತು. ಗೋಡೆಯ ಮೇಲೆ ಚೌಕಟ್ಟು ಹಾಕಿದ ನಿಯಮಗಳು:

"ಹೆಂಗಸು ಗುಟ್ಟು ಹೇಳುವಾಗ ಪರದೆಯ ಹಿಂದೆ ಒಬ್ಬರು ಇರತಕ್ಕದ್ದು. ಪತ್ರವು ಯಾರಿಗೆ ಬರೆಯಲ್ಪಟ್ಟಿದೆಯೋ ಅವರಿಗೆ ಮೊದಲು ತಲುಪಕೂಡದು. ಬಡವನು ನಾಲ್ಕನೆಯ ಅಂಕವನ್ನು ಮೀರಿ ಬಡವನಾಗಿರಕೂಡದು. ಸತ್ತವರು, ಪ್ರೇಕ್ಷಕರ ಬಾಡಿಗೆ ಗಾಡಿಗಳು ಹೊರಡುವುದಕ್ಕೆ ಮುಂಚಿತವಾಗಿ ಬದುಕಿ ಬರತಕ್ಕದ್ದು."

ಮಸ್ಯೂ ಬೋಕಾಂಪ್ ಪ್ರಾಸ್ಪೆರನ ನಾಟಕವನ್ನು ನಿಂತುಕೊಂಡೇ ಓದಿದರು. ದುಂಡು ಮುಖ, ಸಣ್ಣ ಕಣ್ಣು, ಕೈಗೆ ಮಸಿಯ ಕಲೆಯೇ ಇಲ್ಲ.

"ಮಗೂ, ಅಕ್ಷರ ಮುದ್ದಾಗಿದೆ. ಆದ್ರೆ ಇದ್ರಲ್ಲಿ ಪತ್ರವೇ ಇಲ್ಲವಲ್ಲ?"

"ಪತ್ರ ಬರಲಿಲ್ಲ ಮಸ್ಯೂ. ಜವಾನ ಬಂದ."

"ಜವಾನನ ಕೈಲಿ ಪತ್ರ ಇರಬಹುದಿತ್ತು."

"ಇರಲಿಲ್ಲ."

"ಸರಿ. ಆಮೇಲೆ ಈಯಮ್ಮ ನಶ್ಯ ತೂಗ್ತಾಳೆ, ಒಳಗೆ ಹೋಗ್ತಾಳೆ. ಒಳಗೆ ಯಾರಿದಾರೆ?"

"ಯಾರೂ ಇಲ್ಲ."

"ಯಾರೂ ಇಲ್ದೆ ಇದ್ರೆ ಬಾಗಿಲು ಯಾಕಪ್ಪಾ ಹಾಕ್ಕೊಂಡ್ಲು?" ಎಂದು ಮಸ್ಯೂ ನಿಜವಾಗಿಯೂ ನೊಂದು ಕೇಳಿದರು. "ಹೋಗ್ಲಿ, ಗಂಡ ಯಾವಾಗ ವಾಪಸ್ ಬರ್ತಾನೆ?"

"ನಮ್ಮಪ್ಪ ಸತ್ತಿದಾರೆ ಮಸ್ಯೂ."

"ಎಷ್ಟನೇ ಅಂಕದಲ್ಲಿ?"

"ಮೊದಲನೇದರಲ್ಲಿ."

"ಹಾಗಾದ್ರೆ ಬರೋದಕ್ಕೆ ಬೇಕಾದಷ್ಟು ಹೊತ್ತಿದೆ."

ಪ್ರಾಸ್ಪೆರ್ ಎದ್ದು ಹೊರಡಬಹುದಾಗಿತ್ತು. ಹೊರಡಬೇಕೆಂದು ಎದ್ದೂ ಇದ್ದ. ಅಷ್ಟರಲ್ಲಿ ಮಸ್ಯೂ, ಭಿತ್ತಿಪತ್ರದಲ್ಲಿ ತಮ್ಮ ಹೆಸರಿನ ಕೆಳಗೆ ಇವನ ಹೆಸರನ್ನೂ ಹಾಕಿಸುವುದಾಗಿ ಹೇಳಿದರು. ಎಷ್ಟು ದೊಡ್ಡಕ್ಷರದಲ್ಲೆಂದು ಬೆರಳಿನಲ್ಲಿ ಅಳತೆ ತೋರಿಸಿದರು. ಅಳತೆ ಸಣ್ಣದೇ. ಆದರೂ ಆ ಬೆರಳ ಸಂದಿನಲ್ಲಿ ಅವನಿಗೆ ಇಡೀ ಪ್ಯಾರಿಸ್ ಕಂಡಿತು. ಕುಳಿತ.

ನಾಟಕ ಮಹಡಿ ಹತ್ತಿತು, ನೆಲಮಾಳಿಗೆಗೆ ಇಳಿಯಿತು, ಬಾಗಿಲುಗಳ ವಿಭಾಗವನ್ನು ಹಾದು ಬಂತು. ಹೊರಬಂದಾಗ ತಂಬಾಕಿನ ವಿಧವೆ ಒಬ್ಬ ಕರ್ನಲನ ಕಳೆದುಹೋದ ಮಗಳಾಗಿದ್ದಳು. ಒಂದೇ ಬಗೆಯ ಎರಡು ನಶ್ಯದ ಡಬ್ಬಿಗಳಿದ್ದವು. ಒಂದರಲ್ಲಿ ನಶ್ಯ, ಇನ್ನೊಂದರಲ್ಲಿ ಸಾರ್ಜೆಂಟನ ಪತ್ರ. ಡಬ್ಬಿಗಳು ಅದಲುಬದಲಾಗುತ್ತವೆ. ನಡುರಾತ್ರಿಯ ಮುತ್ತಿಗೆಯ ಹೊತ್ತಿಗೆ ಕರ್ನಲ್ ಸೀನುತ್ತಾನೆ. ಶತ್ರುಗಳು ಅದನ್ನು ಫಿರಂಗಿಯೆಂದು ತಿಳಿದು ಕೋಟೆ ಬಿಟ್ಟು ಓಡುತ್ತಾರೆ. ಆ ಸೀನಿನಿಂದಾಗಿ ಫ್ರೆಂಚರು ಆಫ್ರಿಕವನ್ನು ಗೆಲ್ಲುತ್ತಾರೆ, ಸತ್ತನೆಂದುಕೊಂಡಿದ್ದ ಸಾರ್ಜೆಂಟ್ ಐದನೆಯ ಅಂಕದಲ್ಲಿ ಬಾಗಿಲು ತಟ್ಟುತ್ತಾನೆ. ನಶ್ಯ ತೂಗುವ ದೃಶ್ಯವನ್ನು ತೆಗೆದುಹಾಕಲಾಗಿತ್ತು. ಅದು ಕಥೆಯನ್ನು ಮುಂದಕ್ಕೆ ನೂಕುತ್ತಿರಲಿಲ್ಲ. ನಾಟಕ ತಪಾಸಣೆಯ ಕಚೇರಿ ಸಂತೋಷದಿಂದ ಮುದ್ರೆ ಒತ್ತಿತು. ಭಿತ್ತಿಪತ್ರದಲ್ಲಿ 'ದಿಯೆಪ್ಪಿನ ತಂಬಾಕಿನ ವಿಧವೆ: ನಿಜವಾಗಿ ನಡೆದ ಕಥೆ' ಎಂದು ಅಚ್ಚಾಯಿತು.

ಮೊದಲ ಪ್ರಯೋಗಕ್ಕೆ ಮಗ ತಾಯಿಯನ್ನು ಕರೆತಂದ. ಅವಳು ಕಪ್ಪು ಉಡುಪಿನಲ್ಲಿ, ಮಡಿಲಲ್ಲಿ ಸೇಬಿನ ಗಂಟು ಇಟ್ಟುಕೊಂಡು ಕುಳಿತಳು. ಕರ್ನಲ್ ಸೀನಿದಾಗ ಸಭೆ ಬಿದ್ದುಬಿದ್ದು ನಕ್ಕಿತು, ಅವಳು ನಗಲಿಲ್ಲ. ಡಬ್ಬಿ ಬದಲಾದಾಗ, "ಆ ಪೆದ್ದಿಗೆ ತೂಕ ಗೊತ್ತಾಗಲ್ವೇನೋ" ಎಂದು ಮಗನ ಕಿವಿಯಲ್ಲಿ ಕೇಳಿದಳು. ಆಮೇಲೆ ಐದನೆಯ ಅಂಕ ಬಂತು. ರಂಗದ ಮೇಲಿನ ಬಾಗಿಲನ್ನು ಯಾರೋ ತಟ್ಟಿದರು. ಬರುವವನು ಸಂಬಳದ ನಟ, ಅವನು ಆ ಮಧ್ಯಾಹ್ನ ಇವರೊಂದಿಗೇ ಕುಳಿತು ಸೂಪು ಕುಡಿದಿದ್ದ, ಎಲ್ಲವೂ ಅವಳಿಗೆ ತಿಳಿದಿತ್ತು. ಆದರೂ ಬಾಗಿಲು ತಟ್ಟಿದ ಸದ್ದಿಗೆ ಅವಳು ಕುರ್ಚಿಯಿಂದ ಅರ್ಧ ಎದ್ದುಬಿಟ್ಟಳು. ಸೇಬುಗಳು ನೆಲಕ್ಕುರುಳಿದವು.

ಸಭೆಯೆಲ್ಲ ಅಳುತ್ತಿತ್ತು, ಆದ್ದರಿಂದ ಯಾರೂ ನೋಡಲಿಲ್ಲ. ಪ್ರಾಸ್ಪೆರ್ ನೋಡಿದ. ಬಗ್ಗಿ ಸೇಬು ಹೆಕ್ಕುವ ನೆಪದಲ್ಲಿ ಬಹಳ ಹೊತ್ತು ಕುರ್ಚಿಯ ಕೆಳಗೇ ಇದ್ದ.

"ನಿಮ್ಮಪ್ಪ ಇಷ್ಟೆತ್ತರ ಇರ್ಲಿಲ್ಲ" ಎಂದಳು ತಾಯಿ, ಅವನು ಮೇಲೆ ಬಂದ ಮೇಲೆ. "ಹಲ್ಲೂ ಇಷ್ಟು ಚೆನ್ನಾಗಿರ್ಲಿಲ್ಲ."

ಪಕ್ಕದಲ್ಲಿ, ಬಾಕ್ಸೆಂದು ಕರೆಯುವ ಪರದೆ ಕಟ್ಟಿದ ಖಾಸಗಿ ಕಟ್ಟೆಯಲ್ಲಿ, ಒಬ್ಬ ದಪ್ಪನೆಯ ಮನುಷ್ಯ ಕರವಸ್ತ್ರ ಸಾಲದೆ ಪರದೆಯ ಅಂಚಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ತಂಬಾಕು ಪರವಾನಗಿ ಇಲಾಖೆಯ ಮುಖ್ಯ ತನಿಖಾಧಿಕಾರಿ, ಮಸ್ಯೂ ಪಿಶೋ. ಬೋಕಾಂಪರು ಅವರನ್ನು ಕರೆತಂದು, "ಇವರೇ ಆ ನಿಜವಾದ ಮದಾಂ ವೋತಿಯೆ" ಎಂದರು. ಪಿಶೋ ಅವಳ ಕೈಗೆ ಮುತ್ತಿಟ್ಟು, ಗದ್ಗದಿತರಾಗಿ, ಗಂಡ ಬಂದದ್ದಕ್ಕೆ ಅಭಿನಂದಿಸಿದರು.

ಒಂದು ವಾರದಲ್ಲಿ ದಿಯೆಪ್ಪಿನ ಅಂಗಡಿಯ ಬಾಗಿಲಿಗೆ ಪ್ರಕಟಣೆ ಅಂಟಿತು:

"ಸದರಿ ಅಂಗಡಿಯ ಪರವಾನಗಿಯು ವಿಧವೆಯೆಂಬ ಕಾರಣದಿಂದ ನೀಡಲ್ಪಟ್ಟಿದ್ದು, ಸದರಿ ವಿಧವೆಯ ಗಂಡನು ಸಾರ್ವಜನಿಕರ ಸಮಕ್ಷಮ ಹಿಂತಿರುಗಿರುವುದರಿಂದ, ಸದರಿಯವರು ಇನ್ನು ಮುಂದೆ ವಿಧವೆಯಾಗಿರಕೂಡದೆಂದು ಈ ಮೂಲಕ ತಿಳಿಯಪಡಿಸಲಾಗಿದೆ. ಇಲಾಖೆಯು ಕುಟುಂಬದ ಸಂತೋಷದಲ್ಲಿ ಭಾಗಿಯಾಗುತ್ತದೆ."

ತಾಯಿ ಮಗ ಇಬ್ಬರೂ ಪ್ಯಾರಿಸಿಗೆ ಹೋಗಿ ಪಿಶೋ ಅವರ ಮುಂದೆ ನಿಂತರು. ಪ್ರಾಸ್ಪೆರ್ ದಂಡಿನ ಆಸ್ಪತ್ರೆಯ ಮರಣಪತ್ರವನ್ನು ಮೇಜಿನ ಮೇಲಿಟ್ಟ.

ಪಿಶೋ ಅದನ್ನು ಗೌರವದಿಂದ ಓದಿದರು. "ಇದಕ್ಕೆ ಯಾರ ಸಹಿ ಇದೆ ನೋಡಿ. ಒಬ್ಬ ವೈದ್ಯ. ನಿಮ್ಮ ತಂದೆ ಸತ್ತದ್ದನ್ನ ಅವನೊಬ್ಬನೇ ನೋಡಿದ್ದು. ಬದುಕಿ ಬಂದದ್ದನ್ನ ರಂಗಮಂದಿರ ತುಂಬ ಜನ ನೋಡಿದಾರೆ, ಮಂತ್ರಿಗಳ ಪತ್ನಿ ನೋಡಿದಾರೆ. ಸ್ವತಃ ನಾನು ನೋಡಿದೀನಿ."

"ಅದು ನಾಟಕ ಮಸ್ಯೂ!"

"'ನಿಜವಾಗಿ ನಡೆದ ಕಥೆ.' ಅಚ್ಚು ಹಾಕ್ಸಿದ್ದು ನೀವು, ಕೆಳಗೆ ಇರೋ ಹೆಸರೂ ನಿಮ್ಮದೇ. ತಪಾಸಣೆ ಕಚೇರಿಯವರು ಮುದ್ರೆ ಒತ್ತಿದಾರೆ. ಸರ್ಕಾರ ಸುಳ್ಳಿಗೆ ಮುದ್ರೆ ಒತ್ತಿದೆ ಅಂತ ಹೇಳ್ತಿದೀರಾ? ಯೋಚನೆ ಮಾಡಿ ಹೇಳಿ. ಹೇಳಿದ್ದನ್ನ ಬರ್ಕೊಬೇಕಾಗತ್ತೆ."

ಪ್ರಾಸ್ಪೆರ್ ಯೋಚನೆ ಮಾಡಿ, ಮರಣಪತ್ರವನ್ನು ಮಡಿಸಿ ಇಟ್ಟುಕೊಂಡ.

ಒನೊರೀನ್ ಮುಂದೆ ಬಂದಳು. "ಬಂದಿದಾನೆ ಅಂತೀರಲ್ಲ, ಎಲ್ಲಿದಾನೆ ಹೇಳಿ ಮಸ್ಯೂ. ಕಿವಿ ಹಿಡಿದು ಕರ್ಕೊಂಡು ಹೋಗ್ತೀನಿ. ಮನೆ ಚಾವಣಿ ಸೋರ್ತಿದೆ."

"ಮದಾಂ, ಗಂಡ ಮನೆಗೆ ಬರದೇ ಇರೋದು ಸಂಸಾರದ ವಿಚಾರ. ನಮ್ಮ ಇಲಾಖೆ ವ್ಯಾಪ್ತಿಗೆ ಬರಲ್ಲ."

"ಬದುಕಿದ್ದಾಗ್ಲೂ ಹಂಗೇ ಇದ್ದ, ಕರೆದ್ರೆ ಬರ್ತಿರ್ಲಿಲ್ಲ" ಎಂದಳು ಅವಳು.

"ನೋಡಿ, ತಾವೇ ಒಪ್ಪಿಕೊಂಡ್ರಿ" ಎಂದರು ಪಿಶೋ, ಮತ್ತು ಅದನ್ನು ಬರೆದುಕೊಂಡರು.

ಮೆಟ್ಟಿಲಿಳಿಯುವಾಗ ತಾಯಿ ಮಗನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಆ ದುಂಡುಮುಖದವನ ಹತ್ರ ಹೋಗೋಣ ನಡಿ" ಎಂದಳಷ್ಟೆ. "ಬದುಕಿಸಿದವನು ಅವನು. ಸಾಯ್ಸೋದೂ ಅವನಿಗೇ ಗೊತ್ತಿರತ್ತೆ."

ಬೋಕಾಂಪರು ತಮ್ಮ ಚಾಕೊಲೆಟ್ ಕುಡಿಯುತ್ತ ಎಲ್ಲವನ್ನೂ ಕೇಳಿದರು. ಅವರಿಗೆ ಕಥೆ ಬಹಳ ಹಿಡಿಸಿತು. ಅಂಗಡಿ ಹೋದದ್ದು ಎರಡನೆಯ ಅಂಕಕ್ಕೆ ಒಳ್ಳೆಯ ಮುಕ್ತಾಯವೆಂದರು.

"ಐದನೇ ಅಂಕ ಬದಲಾಯಿಸಿ ಮಸ್ಯೂ" ಎಂದು ಪ್ರಾಸ್ಪೆರ್ ಅಂಗಲಾಚಿದ. "ಅವರು ಬಾಗಿಲು ತಟ್ಟೋದು ಬೇಡ."

"ಹುಚ್ಚು ಮಾತಾಡ್ಬೇಡ. ಮಂತ್ರಿಗಳ ಪತ್ನಿ ಆ ಬಾಗಿಲಿಗಾಗಿ ಮತ್ತೆಮತ್ತೆ ಬರ್ತಿದಾರೆ. ನಾಟಕಕ್ಕೆ ಬರೋ ಬೂರ್ಜ್ವಾ, ದುಡ್ಡಿರೋ ಮನುಷ್ಯ, ಊಟ ಮಾಡಿ ಬಂದಿರ್ತಾನೆ. ಅವನ ಎದುರಿಗೆ ಸಾಯೋದು ಮರ್ಯಾದೆ ಅಲ್ಲ." ಕಪ್ಪನ್ನು ಕೆಳಗಿಟ್ಟರು. "ಆದ್ರೆ ಆಪೆರಾದಲ್ಲಿ ಸಾಯಿಸಬಹುದು. ಅಲ್ಲಿ ಸಾಯದೇ ಇದ್ರೇನೇ ಜನ ಸಿಟ್ಟಾಗ್ತಾರೆ. ಅದೇ ಕಥೆ, ಬೇರೆ ಮಂದಿರ. ಟೆನರ್ ಗಾಯಕನೂ ಸಾಯೋ ಪಾತ್ರ ಕೇಳ್ತಾನೇ ಇದಾನೆ, ಉದ್ದನೆಯ ಸಾವು ಬೇಕಂತೆ."

"ಜ್ವರದಿಂದ ಸತ್ತಿದ್ದು" ಎಂದಳು ಒನೊರೀನ್.

"ಜ್ವರ!" ಬೋಕಾಂಪರ ಕಣ್ಣು ಹೊಳೆದವು. "ಜ್ವರವನ್ನ ಕುಣಿಸಬಹುದು."

ಕುಣಿಸಿದರು. ಬೇಸಗೆಯ ಹೊತ್ತಿಗೆ ಆಪೆರಾ ರಂಗಕ್ಕೆ ಬಂತು. ಹಳದಿ ರೇಷ್ಮೆಯುಟ್ಟ ನರ್ತಕಿಯರು ಜ್ವರವಾಗಿ ಬಂದು ಸಾರ್ಜೆಂಟನ ಮಂಚವನ್ನು ಸುತ್ತಿದರು. ಯಂತ್ರದಿಂದ ಮರಳಿನ ಬಿರುಗಾಳಿ ಎದ್ದಿತು. ಟೆನರ್ ಎರಡು ಬಾರಿ ಎದ್ದು ಕುಳಿತು ಫ್ರಾನ್ಸನ್ನು ನೆನೆದು, ಮೂರನೆಯ ಬಾರಿ ನಿಂತೇ ಹಾಡಿ ಸತ್ತ. ಸಭೆ ಮತ್ತೊಮ್ಮೆ ಸಾಯಬೇಕೆಂದು ಕೂಗಿತು, ಮತ್ತೊಮ್ಮೆ ಸತ್ತ. ಹಿಂದಿನ ಸಾಲಿನಲ್ಲಿದ್ದ ಒನೊರೀನ್, "ಪಾಪ, ನಿಮ್ಮಪ್ಪನಿಗೆ ಒಂದು ಲೋಟ ನೀರು ಕೊಡೋರೂ ಇರ್ಲಿಲ್ಲ ಅಂತ ಆ ವೈದ್ಯ ಬರೆದಿದ್ದ" ಎಂದಳು, ಪಕ್ಕದಲ್ಲಿದ್ದ ಮಗನ ಕಡೆ ತಿರುಗದೆ.

ಮಸ್ಯೂ ಪಿಶೋ ಆಪೆರಾವನ್ನೂ ನೋಡಿ ಅತ್ತರು. ಅವರು ಕಲ್ಲೆದೆಯವರಲ್ಲ. ಆದರೆ ನಾಟಕವೂ ನಡೆಯುತ್ತಿದೆ, ಆಪೆರಾವೂ ನಡೆಯುತ್ತಿದೆ. ಎರಡಕ್ಕೂ ಒಂದೇ ಕಚೇರಿಯ ಮುದ್ರೆಯಿದೆ. ಇಲಾಖೆ ಸಮಿತಿ ನೇಮಿಸಿತು. ಸಮಿತಿಯ ಸದಸ್ಯರು ಎರಡೂ ಕಡೆ ಸರ್ಕಾರಿ ಖರ್ಚಿನಲ್ಲಿ ಬಾಕ್ಸು ಹಿಡಿದು, ಸಂಗಾತಿಯರೊಂದಿಗೆ, ಹಲವು ಸಲ ಸ್ಥಳಪರಿಶೀಲನೆ ನಡೆಸಿದರು. ಕೊನೆಗೆ ಆಜ್ಞೆ ಹೊರಟಿತು:

"ಆಪೆರಾ ನಡೆಯುವ ಸೋಮವಾರ, ಬುಧವಾರ ಮತ್ತು ಶುಕ್ರವಾರಗಳಂದು ಸದರಿ ಸಾರ್ಜೆಂಟನು ಮೃತನೆಂದೂ, ನಾಟಕ ನಡೆಯುವ ಉಳಿದ ದಿನಗಳಂದು ಜೀವಂತನೆಂದೂ ಪರಿಗಣಿಸತಕ್ಕದ್ದು. ಸದರಿ ಮದಾಂ ಒನೊರೀನ್ ವೋತಿಯೆಯವರು ತಾವು ವಿಧವೆಯಾಗಿರುವ ದಿನಗಳಲ್ಲಿ ಮಾತ್ರ ಅಂಗಡಿ ತೆರೆಯಬಹುದು. ಟೆನರನಿಗೆ ಅಸ್ವಸ್ಥತೆಯುಂಟಾಗಿ ಆಪೆರಾ ರದ್ದಾದಲ್ಲಿ ಆ ದಿನದ ಮಟ್ಟಿಗೆ ಸಾವೂ ರದ್ದಾಗುತ್ತದೆ."

ಪ್ಯಾರಿಸಿನ ಟೆನರನ ಗಂಟಲು ದಿಯೆಪ್ಪಿಗೆ ತಿಳಿಯುವುದು ಹೇಗೆ ಎಂಬ ಪ್ರಶ್ನೆ ಬಂತು. ಸರ್ಕಾರದ ಬಳಿ ಅದಕ್ಕೂ ಉತ್ತರವಿತ್ತು. ಗುಡ್ಡದಿಂದ ಗುಡ್ಡಕ್ಕೆ ಮರದ ತೋಳು ಆಡಿಸಿ ಸುದ್ದಿ ಮುಟ್ಟಿಸುವ ಸಂಜ್ಞಾಗೋಪುರಗಳಿದ್ದವು. ಯುದ್ಧ, ದಂಗೆ, ರಾಜಮನೆತನದ ಹೆರಿಗೆ ಮುಂತಾದ್ದಕ್ಕೆ ಮೀಸಲು. ಈಗ ಮಧ್ಯಾಹ್ನವಾಗುತ್ತಲೂ ದಿಯೆಪ್ಪಿನ ಗುಡ್ಡದ ಮೇಲೆ ತೋಳು ಏಳತೊಡಗಿತು. ನೆಟ್ಟಗಿದ್ದರೆ ಗಂಟಲು ಸರಿಯಿದೆ, ಓರೆಯಾದರೆ ಕೆಮ್ಮು.

ಊರು ಇದಕ್ಕೆ ಬಹಳ ಬೇಗ ಹೊಂದಿಕೊಂಡಿತು. ಬೆಸ್ತರು ಬಲೆ ಒಣಹಾಕುತ್ತ ಗುಡ್ಡದ ಕಡೆ ನೋಡುವರು. "ಮದಾಂ, ಇವತ್ತು ಹೋಗಿದಾರಾ, ಇದಾರಾ?" ಎಂದು ಒಬ್ಬ ಕೂಗುವನು. "ಕಣ್ಣಿಲ್ವಾ? ತೋಳು ನೋಡು. ಹೋಗಿದಾರೆ, ದುಡ್ಡು ತೆಗಿ" ಎನ್ನುವಳು ಅವಳು. ಟೆನರನಿಗೆ ಶೀತವಾದ ವಾರ ಊರಿನಲ್ಲಿ ಯಾರಿಗೂ ಸೀನಲು ನಶ್ಯವಿರಲಿಲ್ಲ. ಚರ್ಚಿನಲ್ಲಿ ಆ ಗಂಟಲಿಗಾಗಿ ಮೇಣದ ಬತ್ತಿ ಹಚ್ಚಿದರು. ಪಾದ್ರಿಗಳು ಸಾರ್ಜೆಂಟನ ಆತ್ಮಕ್ಕೆ ಶಾಂತಿ ಕೋರುವ ಪೂಜೆಯನ್ನು ಸೋಮವಾರಕ್ಕೆ ಗೊತ್ತುಮಾಡಿ, ಭಾನುವಾರ ಅವನ ಆರೋಗ್ಯಕ್ಕಾಗಿ ಪ್ರಾರ್ಥಿಸಿದರು. ಹಗ್ಗದ ವ್ಯಾಪಾರಿ ಇಪೊಲಿತ್, ಬಹಳ ದಿನದಿಂದ ಒನೊರೀನಳ ಮೇಲೆ ಕಣ್ಣಿಟ್ಟಿದ್ದವನು, ಬುಧವಾರ ಸಂಜೆ ಹೂವು ಹಿಡಿದು ಬಂದು ತನ್ನ ಮನಸ್ಸು ತೋಡಿಕೊಂಡ.

"ಯೋಚನೆ ಮಾಡಿ ಹೇಳಿ ಮದಾಂ. ಅವಸರ ಏನಿಲ್ಲ."

"ಅವಸರ ಇದೆ ಮಸ್ಯೂ ಇಪೊಲಿತ್. ನಾಳೆ ಗುರುವಾರ, ನಾನು ಗಂಡನಿರೋಳು. ಊರಲ್ಲಿ ನಿಮ್ಮ ಮಾನ ಹೋಗತ್ತೆ."

ಇಪೊಲಿತ್ ತಪ್ಪಾಯಿತೆಂದು ಟೋಪಿ ತೆಗೆದು, ಹೂವನ್ನು ವಾಪಸು ತೆಗೆದುಕೊಂಡು ಹೋದ. ಹಾಗೆ ಮಾಡಿದ್ದು ಸಭ್ಯತೆ ಎಂದು ಊರೆಲ್ಲ ಮೆಚ್ಚಿತು.

ಪ್ರಾಸ್ಪೆರನಿಗೆ ಬೋಕಾಂಪರು ಬಾಗಿಲುಗಳ ವಿಭಾಗದಲ್ಲಿ ಕೆಲಸ ಕೊಟ್ಟರು. ಅವನ ಕೈಚಳಕ ಚೆನ್ನಾಗಿದೆಯೆಂದೂ, ಇನ್ನೊಬ್ಬರು ಬರುವ ಮುನ್ನ ಒಬ್ಬರನ್ನು ಬೀರುವಿಗೆ ಸೇರಿಸುವುದರಲ್ಲಿ ಅವನಷ್ಟು ಚುರುಕು ಬೇರೆ ಯಾರಿಗೂ ಇಲ್ಲವೆಂದೂ ಹೊಗಳುತ್ತಿದ್ದರು. ಅವನ ಹಳೆಯ ನಾಟಕದ ಹಸ್ತಪ್ರತಿಯ ಹಾಳೆಗಳು ಆ ಮನೆಯಲ್ಲಿ ಏನಾದವೋ. ಚಾಕೊಲೆಟ್ ಕಪ್ಪಿನ ಕೆಳಗೆ ಕೆಲವನ್ನು ಕಂಡಂತೆ ಅವನಿಗೊಮ್ಮೆ ಅನ್ನಿಸಿತ್ತು. ಕೇಳಲಿಲ್ಲ.

ರಜೆಯಲ್ಲಿ ಊರಿಗೆ ಬಂದ ಒಂದು ಮಂಗಳವಾರ ಅವನಿಗೆ ತಡೆಯಲಾಗಲಿಲ್ಲ. ಅಂಗಡಿಗೆ ಬೀಗ. ತಾಯಿ ಮಹಡಿಯ ಅಡುಗೆಮನೆಯಲ್ಲಿ ಹೆರಿಂಗ್ ಹುರಿಯುತ್ತಿದ್ದಳು. ಕಪ್ಪು ಉಡುಪಿನ ಬದಲು ನೀಲಿಯದನ್ನು ಉಟ್ಟಿದ್ದಳು; ಹೆಂಡತಿಯ ದಿನಗಳಲ್ಲಿ ಕಪ್ಪು ಉಟ್ಟರೆ ದಂಡ ಹಾಕುತ್ತಾರೆಂದು ಪುರಸಭೆ ತಿಳಿಸಿತ್ತು.

"ಅಮ್ಮ, ರಾಜರಿಗೇ ಅರ್ಜಿ ಹಾಕೋಣ. ನಾನೇ ಬರೀತೀನಿ. ಅಪ್ಪ ಸತ್ತಿದಾರೆ, ಒಂದೇ ಸಲ, ಎಲ್ಲಾ ದಿನಾನೂ ಸತ್ತಿದಾರೆ ಅಂತ."

ಅವಳು ಮೀನನ್ನು ಮಗುಚಿದಳು.

"ಬೇಡ ಬಿಡೋ" ಎಂದಳು. "ಮೂರು ದಿನ ಅಂಗಡಿ ನಡೆಯುತ್ತೆ, ನನ್ನೊಬ್ಬಳ ಹೊಟ್ಟೆಗೆ ಸಾಕು. ಉಳಿದ ದಿನ ಅವನು ಬದುಕಿದಾನೆ ಅಂತ ಸರ್ಕಾರವೇ ಮುದ್ರೆ ಒತ್ತಿ ಹೇಳ್ತಿದೆ. ನಾನ್ಯಾಕೆ ಇಲ್ಲ ಅನ್ನಲಿ?"

ಪ್ರಾಸ್ಪೆರ್ ಕೈತೊಳೆದು ಬಂದು ಕುಳಿತ. ಅವಳು ಮೇಜಿನ ಮೇಲೆ ಮೂರು ತಟ್ಟೆ ಇಟ್ಟು, ಮೂರಕ್ಕೂ ಮೀನು ಬಡಿಸಿದಳು.